ಮೌಖಿಕ ಇತಿಹಾಸದ ದೃಶ್ಯಸಂವಾದಕ್ಕೆ ದೀಪಗಳ ಆಯ್ಕೆ

ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ವಿದ್ಯುದ್ದೀಪಗಳನ್ನು ಕುರಿತ ಲೇಖನವೊಂದು ಕಾಣಿಸಿಕೊಂಡರೆ ಕೆಲವು ವಾಚಕರಿಗೆ ಆಶ್ಚರ್ಯವಾಗಬಹುದು. ಶಾಸನ, ನಾಣ್ಯ, ಸರ್ಕಾರಿ ಕಡತಗಳೇ ನಮ್ಮ ಆಕರಗಳೆಂದು ಬಹುಕಾಲ ನಂಬಿ ನಡೆದವರು ನಾವು. ಆದರೆ ಬೆಂಗಳೂರಿನ ಪಶ್ಚಿಮ ಭಾಗದ ಚರಿತ್ರೆಯನ್ನು ಬರೆಯಹೊರಟವನಿಗೆ ಈ ಆಕರಗಳು ಬಹುಬೇಗ ಬರಿದಾಗುತ್ತವೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತಿನ ಮುಂದೆ ನಿಂತವರು, ಮಾಗಡಿ ರಸ್ತೆಯ ಕಡೆಯ ಗಿರಣಿಗಳಲ್ಲಿ ಪಾಳಿಯ ಮೇಲೆ ದುಡಿದವರು, ಕೆಂಗೇರಿಯ ಸುತ್ತಣ ಹೊಲಗಳು ನಿವೇಶನಗಳಾದುದನ್ನು ಕಣ್ಣಾರೆ ಕಂಡವರು, ಇವರ ನೆನಪುಗಳಲ್ಲಿ ಕಾಗದಕ್ಕೆ ಬಂದದ್ದು ಅತ್ಯಲ್ಪ. ಈ ಹಿರಿಯರೊಡನೆ ಕುಳಿತು, ವಿಡಿಯೊ ಪಾಡ್‌ಕಾಸ್ಟ್ ಎಂದು ಈಗ ರೂಢಿಗೆ ಬಂದಿರುವ ಸಂವಾದರೂಪದಲ್ಲಿ ಅವರ ಮಾತನ್ನು ದಾಖಲಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಂಡಿದ್ದಾರೆ. ಮೈಕಿನ ವಿಷಯದಲ್ಲಿ ಅವರು ತೋರುವ ಎಚ್ಚರವು ದೀಪದ ವಿಷಯದಲ್ಲಿ ಕಾಣುವುದಿಲ್ಲ. ನಮ್ಮಲ್ಲಿಯೂ ಮೊದಲು ಆ ಎಚ್ಚರ ಇರಲಿಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕಾಗಿದೆ.

ವಿಜಯನಗರದ ಮನೆಯೊಂದರಲ್ಲಿ ಗಿರಣಿಯ ನಿವೃತ್ತ ಕಾರ್ಮಿಕರೊಬ್ಬರ ಮಾತನ್ನು ನಾವು ಮೊದಲು ದಾಖಲಿಸಿದಾಗ ನಮ್ಮ ಬಳಿಯಿದ್ದುದು ರಿಂಗ್ ಲೈಟ್ ಎಂಬ ಬಳೆಯಾಕಾರದ ದೀಪ ಒಂದೇ. ಅದನ್ನು ಅವರ ಮುಖಕ್ಕೆ ನೇರವಾಗಿ ನಿಲ್ಲಿಸಿದೆವು. ಅವರ ಕನ್ನಡಕದ ಎರಡು ಗಾಜುಗಳಲ್ಲಿಯೂ ಎರಡು ಬಿಳಿಯ ಬಳೆಗಳು ಮೂಡಿ ಕಣ್ಣುಗಳೇ ಮರೆಯಾದವು. ಶಸ್ತ್ರಚಿಕಿತ್ಸೆಯಾಗಿದ್ದ ಕಣ್ಣಿಗೆ ಆ ಬೆಳಕು ಚುಚ್ಚುತ್ತಿದ್ದರೂ, ಮನೆಗೆ ಬಂದ ಮೇಷ್ಟರುಗಳಿಗೆ ಬೇಡವೆನ್ನಲಾರದೆ ಅವರು ತಲೆ ತಗ್ಗಿಸಿ ಮಾತನಾಡಿದರು. ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿತ್ತು. ಮಗ್ಗದ ಮೇಲೆ ಎಳೆ ಹರಿದಾಗ ಎರಡು ತುದಿಗಳನ್ನು ಬೆರಳ ತುದಿಯಲ್ಲಿಯೇ ಗಂಟಿಕ್ಕುವ ಕ್ರಮವನ್ನು ಅವರು ಮಡಿಲಿನಲ್ಲಿ ಕೈಯಿಟ್ಟುಕೊಂಡು ಮೂರು ಸಲ ಮಾಡಿ ತೋರಿಸಿದರು. ದೀಪವು ಮುಖಕ್ಕೆ ಮಾತ್ರ ಇದ್ದುದರಿಂದ ಚಿತ್ರದಲ್ಲಿ ಮಡಿಲು ಕೇವಲ ಕತ್ತಲೆ. “ಹೀಗೆ, ನೋಡಿ, ಹೀಗೆ” ಎಂಬ ಧ್ವನಿಯೇನೋ ಸ್ಪಷ್ಟವಾಗಿ ಕೇಳುತ್ತದೆ. ಮರುವರ್ಷ ನಾವು ಹೋಗುವ ವೇಳೆಗೆ ಅವರ ಬಲಗೈ ಪಾರ್ಶ್ವವಾಯುವಿನಿಂದ ನಿಶ್ಚೇಷ್ಟಿತವಾಗಿತ್ತು.

ಆದುದರಿಂದ ದೀಪವನ್ನು ಆರಿಸುವಾಗ ಅದು ಎಷ್ಟು ಪ್ರಖರವಾಗಿದೆ ಎಂಬುದು ಮೊದಲ ಪ್ರಶ್ನೆಯಲ್ಲ. ಅದರ ಬೆಳಕಿನಲ್ಲಿ ಯಾವ ಬಣ್ಣಗಳು ಉಳಿಯುತ್ತವೆ, ಅದು ಎಷ್ಟು ಅಗಲವಾದ ಮೈಯಿಂದ ಹೊರಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು.

ಬಣ್ಣದ ಪ್ರಶ್ನೆಗೆ ನಮ್ಮ ಊರಿನ ಚರಿತ್ರೆಯೇ ಒಂದು ಪೀಠಿಕೆಯನ್ನು ಒದಗಿಸುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. 1936ರಲ್ಲಿ ಸ್ಥಾಪಿತವಾದ ಮೈಸೂರು ಲ್ಯಾಂಪ್ ವರ್ಕ್ಸ್, ರಾಜಾಜಿನಗರಕ್ಕೆ ಅನತಿದೂರದಲ್ಲಿ, ಮಲ್ಲೇಶ್ವರದ ಅಂಚಿನಲ್ಲಿ ಬಲ್ಬುಗಳನ್ನು ತಯಾರಿಸುತ್ತಿತ್ತು. 2003ರಲ್ಲಿ ಆ ಕಾರ್ಖಾನೆ ಮುಚ್ಚಿತು. ತಂತಿ ಕಾದು ಬೆಳಗುವ ಅಂಥ ಬಲ್ಬು ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುತ್ತಿದ್ದುದು ನಿಜ. ಬೆಳಕು ಹಳದಿಯೂ ಹೌದು. ಆದರೂ ಕೆಂಪಿನಿಂದ ನೇರಳೆಯವರೆಗಿನ ಎಲ್ಲ ಬಣ್ಣಗಳೂ ಅದರಲ್ಲಿ ಎಡೆಬಿಡದೆ ಇದ್ದವು.

ಇಂದಿನ ಎಲ್‌ಇಡಿ ದೀಪದ ಕ್ರಮ ಬೇರೆ. ಅದರ ಒಳಗಿರುವುದು ನೀಲಿಯ ಬೆಳಕನ್ನು ಕೊಡುವ ಒಂದು ಚೂರು. ಇದನ್ನು ಸಾಧ್ಯಗೊಳಿಸಿದ ಅಕಸಾಕಿ, ಅಮಾನೊ, ನಕಮುರ ಈ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ನೀಲಿಯ ಮೇಲೆ ಹಳದಿ ಬೆಳಕನ್ನು ಸೂಸುವ ವಸ್ತುವಿನ ಲೇಪ ಕೊಟ್ಟರೆ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಅಗ್ಗದ ದೀಪಗಳಲ್ಲಿ ಈ ಬಿಳುಪಿನೊಳಗೆ ಕೆಂಪು ತೀರ ಕ್ಷೀಣ. ಮನುಷ್ಯನ ಚರ್ಮದ ಕಳೆ, ಅದರಲ್ಲಿಯೂ ನಮ್ಮ ಜನರ ಕಂದು ಮೈಬಣ್ಣದ ಕಳೆ, ಬಹುಮಟ್ಟಿಗೆ ಕೆಂಪನ್ನೇ ಅವಲಂಬಿಸಿರುವುದರಿಂದ ಅಂಥ ದೀಪದಡಿ ಆರೋಗ್ಯವಂತರ ಮುಖವೂ ಬೂದಿ ಬಳಿದಂತೆ ತೋರುತ್ತದೆ.

ದೀಪದ ಪೆಟ್ಟಿಗೆಯ ಮೇಲೆ ಸಿ.ಆರ್.ಐ. ಎಂಬ ಒಂದು ಅಂಕಿ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುವುದೆಂಬುದಕ್ಕೆ ನೂರರಲ್ಲಿ ಕೊಟ್ಟ ಅಂಕವಿದು. 95ಕ್ಕೆ ಕಡಮೆಯಾದುದನ್ನು ಕೊಳ್ಳಬಾರದೆಂಬುದು ನಮ್ಮ ಅಭಿಪ್ರಾಯ. ಆದರೆ ಈ ಅಂಕಿಯಲ್ಲಿಯೂ ಒಂದು ಮರೆಯಿದೆ. ಅದು ಎಂಟು ಪೇಲವ ಬಣ್ಣಗಳ ಸರಾಸರಿ ಮಾತ್ರ. ಗಾಢವಾದ ಕೆಂಪು ಒಂಬತ್ತನೆಯದಾಗಿ ಲೆಕ್ಕದ ಹೊರಗೆ ಉಳಿಯುತ್ತದೆ. ಆದ್ದರಿಂದ ‘ಆರ್ 9’ ಎಂಬ ಬೇರೊಂದು ಅಂಕಿಯನ್ನೂ ಅಂಗಡಿಯವರಲ್ಲಿ ಕೇಳಬೇಕು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕದಿದ್ದರೆ, ದೀಪವನ್ನು ಹೊತ್ತಿಸಿ ನಮ್ಮ ಅಂಗೈಯನ್ನೇ ಅದರಡಿ ಹಿಡಿದು, ಬಳಿಕ ಬಾಗಿಲ ಬಿಸಿಲಿನಲ್ಲಿ ಹಿಡಿದು ಹೋಲಿಸಬಹುದು. ಒರಟು ಪರೀಕ್ಷೆಯಾದರೂ ಇದು ನಮ್ಮನ್ನು ಎರಡು ಸಲ ಕಾಪಾಡಿದೆ.

ಇನ್ನು ಅಗಲದ ವಿಚಾರ. ಚಿಕ್ಕ ದೀಪದ ಬೆಳಕು ಒಂದೇ ಬಿಂದುವಿನಿಂದ ಬಂದು ಸುಕ್ಕು ಸುಕ್ಕಿಗೂ ಕಡುಗಪ್ಪು ನೆರಳನ್ನು ಎಳೆಯುತ್ತದೆ. ಅಗಲವಾದ ಮೈಯಿಂದ ಹೊರಟ ಬೆಳಕು ನೆರಳಿನ ಅಂಚನ್ನು ಕರಗಿಸುತ್ತದೆ. ಚಲನಚಿತ್ರದ ಛಾಯಾಗ್ರಾಹಕರು ಈ ಭೇದವನ್ನು ಬಹಳ ಹಿಂದೆಯೇ ಅರಿತಿದ್ದರು. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೊದೊಳಗೆ ಕಟ್ಟಿದಾಗ, ಸುಬ್ರತ ಮಿತ್ರ ಅವರು ಅದರ ಮೇಲೆ ಬಿಳಿಯ ಬಟ್ಟೆಯನ್ನು ಹರಡಿ, ದೀಪಗಳ ಬೆಳಕನ್ನು ಬಟ್ಟೆಗೆ ಹಾಯಿಸಿ, ಪ್ರತಿಫಲಿಸಿದುದನ್ನು ಮಾತ್ರ ನಟರ ಮೇಲೆ ಬೀಳಗೊಟ್ಟರು. ಇದಕ್ಕೆ ತೀರ ಭಿನ್ನವಾದುದು ಮೈಸೂರಿನವರಾದ ವಿ.ಕೆ. ಮೂರ್ತಿಯವರ ‘ಕಾಗಜ್ ಕೆ ಫೂಲ್’ (1959). ಕನ್ನಡಿಗಳಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿ ಅವರು ಮೂಡಿಸಿದ ಬೆಳಕಿನ ಕೋಲು ಪ್ರಖ್ಯಾತವಾಗಿದೆ. ಬೆಂಗಳೂರಿನ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಈ ಮಹನೀಯರ ಬಗ್ಗೆ ನಮಗೆ ಎಷ್ಟೇ ಅಭಿಮಾನವಿದ್ದರೂ, ಸಾಕ್ಷ್ಯವನ್ನು ದಾಖಲಿಸುವವರಿಗೆ ಮಿತ್ರರ ಮಾರ್ಗವೇ ಉಚಿತ. ಬೆಳಕಿನ ಕೋಲು ಕಥೆಯನ್ನು ಹೇಳುತ್ತದೆ. ಕಥೆಯನ್ನು ಹೇಳಬೇಕಾದವರು ನಮ್ಮೆದುರು ಕುಳಿತ ಹಿರಿಯರು.

ರಾಜಾಜಿನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಮುಂಗೋಣೆ ಸಾಮಾನ್ಯವಾಗಿ ಹತ್ತಡಿ ಹನ್ನೆರಡಡಿಗೆ ಮೀರದು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಇಷ್ಟು ಸ್ಥಳಕ್ಕೆ ಅರುವತ್ತು ವ್ಯಾಟಿನ ಒಂದು ದೀಪ, ಅದರ ಮುಂದೆ ಎರಡೂವರೆ ಮೂರು ಅಡಿ ಅಗಲದ ಬಟ್ಟೆಯ ಸಾಫ್ಟ್‌ಬಾಕ್ಸ್ ಸಾಕು. ಮಾತನಾಡುವವರಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಒಂದು ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿ ಅದನ್ನು ನಿಲ್ಲಿಸಿ ಕೆಳಕ್ಕೆ ಬಾಗಿಸಿದರೆ, ಕನ್ನಡಕದ ಪ್ರತಿಬಿಂಬ ಕ್ಯಾಮೆರದ ದಾರಿಯನ್ನು ತಪ್ಪಿ ಹೋಗುತ್ತದೆ. ಮಡಿಲಿಗೂ ಬೆಳಕು ತಲಪುತ್ತದೆ. ಎದುರು ಪಕ್ಕಕ್ಕೆ ಎರಡನೆಯ ದೀಪ ಅವಶ್ಯವಲ್ಲ. ನಗರದ ಈ ಭಾಗದಲ್ಲಿ ಕಂಠೀರವ ಸ್ಟುಡಿಯೊ, ಕೆಂಗೇರಿಯ ಕಡೆ ನಟ ಟಿ.ಎನ್. ಬಾಲಕೃಷ್ಣ ಅವರು ಕಟ್ಟಿದ ಅಭಿಮಾನ್ ಸ್ಟುಡಿಯೊ ಮುಂತಾದವುಗಳಿಂದಾಗಿ ಚಿತ್ರೀಕರಣದ ಪರಿಚಯವುಳ್ಳವರು ಅನೇಕರಿದ್ದಾರೆ. ಬಿಳಿಯ ಥರ್ಮೋಕೋಲ್ ಹಲಗೆಯೊಂದು ಎರಡನೆಯ ದೀಪದ ಕೆಲಸವನ್ನು ಮಾಡುತ್ತದೆಂಬುದನ್ನು ನಾವು ಕಲಿತದ್ದು ಅಂಥವರಿಂದಲೇ.

ಗೋಡೆಗೆ ಹಸಿರು ಬಣ್ಣ ಬಳಿದಿದ್ದರೆ ಅದರಿಂದ ಪ್ರತಿಫಲಿಸಿದ ಬೆಳಕೂ ಹಸಿರೇ; ಅಂಥ ಗೋಡೆಗೆ ಬಿಳಿಯ ಪಂಚೆಯೊಂದನ್ನು ಇಳಿಬಿಡುವುದುಂಟು. ಹಗಲಿನ ಬೆಳಕು ಸುಮಾರು 5600 ಕೆಲ್ವಿನ್, ಹಳೆಯ ಬಲ್ಬಿನದು 2700ರ ಆಸುಪಾಸು. ಎರಡನ್ನೂ ಬೆರೆಸಿದರೆ ಮುಖದ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಆದುದರಿಂದ ಮನೆಯ ದೀಪಗಳನ್ನು ಆರಿಸಿ, ನಮ್ಮ ದೀಪವನ್ನು ಕಿಟಕಿಯ ಬೆಳಕಿಗೆ ಹೊಂದಿಸಿಕೊಳ್ಳಬೇಕು.

ಮಿನುಗುವಿಕೆಯ ದೋಷವಂತೂ ಕಣ್ಣಿಗೆ ಕಾಣದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಕೀಳು ದೀಪಗಳು ಅದರೊಡನೆ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ, ಕ್ಯಾಮೆರದಲ್ಲಿ ಕಪ್ಪು ಪಟ್ಟಿಗಳು ಹರಿಯುತ್ತವೆ. ಷಟರಿನ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಇದು ಬಹುಮಟ್ಟಿಗೆ ಅಡಗುತ್ತದೆ. ಬೆಳಕನ್ನು ತಗ್ಗಿಸಿದಾಗ ಮಾತ್ರ ಮಿನುಗುವ ದೀಪಗಳೂ ಇವೆ. ಕೊಳ್ಳುವ ಮುನ್ನ ತಗ್ಗಿಸಿ, ಮೊಬೈಲಿನ ಕ್ಯಾಮೆರದಲ್ಲಿ ನೋಡತಕ್ಕದ್ದು. ದೀಪದೊಳಗೆ ಫ್ಯಾನ್ ಇದ್ದರೆ ಅದರ ಗುಂಯ್‌ಗುಡುವಿಕೆ ಮೈಕಿಗೆ ಸೇರುವುದರಿಂದ, ಫ್ಯಾನ್ ಇಲ್ಲದ ಪ್ಯಾನೆಲ್ ದೀಪವಾದರೆ ಮೇಲು. ಕರೆಂಟು ಹೋದಾಗಲೂ ಮಾತು ತುಂಡಾಗದಂತೆ ಬ್ಯಾಟರಿಯಿಂದಲೂ ಉರಿಯುವಂತಿರಬೇಕು.

ದೀಪವನ್ನು ಹೊತ್ತಿಸುವ ಸಮಯವೂ ಗಮನಾರ್ಹ. ಈಗ ನಾವು ಮನೆಗೆ ಹೋದೊಡನೆ ಅದನ್ನು ಅತಿ ಮಂದವಾಗಿ ಹೊತ್ತಿಸಿಟ್ಟು, ಕಾಫಿ ಮುಗಿಯುವವರೆಗೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತೇವೆ. ಕ್ಯಾಮೆರ ಆರಂಭವಾಗುವ ವೇಳೆಗೆ ಹಿರಿಯರು ಅದನ್ನು ಮರೆತಿರುತ್ತಾರೆ. ಕೆಂಗೇರಿಯ ವೃದ್ಧೆಯೊಬ್ಬರು ಮಾತಿನ ನಡುವೆ ಎದ್ದುಹೋಗಿ ತಮ್ಮ ಹೊಲದ ಪಹಣಿಯನ್ನು ತಂದು, “ಇದಕ್ಕೂ ನಿಮ್ಮ ಬೆಳಕು ಬೀಳಲಿ ಕಣಪ್ಪ” ಎಂದು ಮಡಿಲಲ್ಲಿ ಹರಡಿದರು. ಸರ್ವೆ ನಂಬರಿನ ಮೇಲೆ ಅವರ ಬೆರಳು ಸಾಗುವುದು ಆ ದಾಖಲೆಯಲ್ಲಿ ನಿಚ್ಚಳವಾಗಿದೆ.

ಪ್ರತಿಯೊಂದು ಸಂವಾದದ ಮೊದಲಿಗೆ ಒಂದು ಬಿಳಿಯ ಹಾಳೆಯನ್ನು ಮಾತನಾಡುವವರ ಮುಖದ ಬಳಿ ಹಿಡಿದು ಹತ್ತು ಸೆಕೆಂಡು ಚಿತ್ರಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಮುಂದೆ ಬಣ್ಣವನ್ನು ತಿದ್ದಬೇಕಾದವರಿಗೆ ಅದೇ ಅಳತೆಗೋಲು. ಯಾವ ದೀಪ, ಎಷ್ಟು ಕೆಲ್ವಿನ್, ಎಷ್ಟು ದೂರ, ಕಿಟಕಿ ಯಾವ ಕಡೆ ಎಂಬುದನ್ನು ಬರೆದ ಚೀಟಿಯನ್ನು ದಾಖಲೆಯೊಡನೆಯೇ ವಿಭಾಗದ ಬೀರುವಿನಲ್ಲಿ ಇಡಲಾಗುತ್ತಿದೆ. ವಿಜಯನಗರದ ಮೊದಲ ದಾಖಲೆಗೂ ಒಂದು ಚೀಟಿಯುಂಟು. ಕೈಗಳು ಕಾಣುವುದಿಲ್ಲ ಎಂದು ಅದರಲ್ಲಿ ನಮೂದಿಸಿದ್ದೇವೆ.