ನಿಮಗಿದು ಗೊತ್ತೇ? ನೆಲ ನಡುಗಿದಾಗ ಮಣ್ಣಿನ ಮನೆ

● ಭಾರತೀಯ ಮಾನಕ ಬ್ಯೂರೊದ 2002ರ ಭೂಕಂಪ ನಕ್ಷೆಯಲ್ಲಿ ಬೆಂಗಳೂರು, ಮೈಸೂರು 2ನೇ ವಲಯದಲ್ಲಿದ್ದರೆ ಧಾರವಾಡ 3ನೇ ವಲಯದಲ್ಲಿದೆ. ಅಂಕಿ ಏರಿದಷ್ಟೂ ಅಪಾಯ ಹೆಚ್ಚು. 1967ರ ಡಿಸೆಂಬರ್ 11ರ ಬೆಳಗಿನ ಜಾವ ಭೂಕಂಪಕ್ಕೆ ನಡುಗಿದ ಮಹಾರಾಷ್ಟ್ರದ ಕೊಯ್ನಾ ಧಾರವಾಡದಿಂದ ಸುಮಾರು 250 ಕಿ.ಮೀ. ದೂರ.

● ಹುಬ್ಬಳ್ಳಿ–ಧಾರವಾಡ ಸುತ್ತಿನ ಹಳೆಯ ಮನೆಗಳಲ್ಲಿ ಮಾಳಿಗೆಯ (ಮಣ್ಣಿನ ಸಮತಟ್ಟು ಚಾವಣಿಯ) ಭಾರವನ್ನು ಗೋಡೆಯೊಂದೇ ಹೊರುವುದಿಲ್ಲ. ಒಳಗೆ ಕಟ್ಟಿಗೆಯ ಕಂಬಗಳ ಸಾಲು, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಬಡಿಗೇರರು ಕಚ್ಚು ಹಾಕಿ ಕೂಡಿಸಿದ ಕಡೆ ಕಟ್ಟಿಗೆ ತುಸು ಸರಿದಾಡುತ್ತದೆ. ಆ ಉಜ್ಜಾಟದಲ್ಲೇ ಕಂಪನದ ಕಸುವು ಒಂದಿಷ್ಟು ಕರಗುತ್ತದೆ.

● 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಹೆಚ್ಚಾಗಿ ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳ ಅಡಿಯಲ್ಲಿ. ಗೋಡೆಯ ಒಳಮೈ, ಹೊರಮೈಗಳನ್ನು ಬೆಸೆಯುವ ಉದ್ದಗಲ್ಲುಗಳು ಇರಲಿಲ್ಲ. ಗೋಡೆ ಸೀಳಿ ಬಿತ್ತು. ಆದರೆ ಕಂಬ–ತೊಲೆಗಳು ಗಟ್ಟಿಯಿದ್ದ ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ಕಂಬಗಳ ಮೇಲೆಯೇ ನಿಂತಿತ್ತು. ಆದ್ದರಿಂದ ಮಣ್ಣಿನ ಮನೆ ಭೂಕಂಪಕ್ಕೆ ಜಗ್ಗದು ಎಂಬ ಹೊಗಳಿಕೆ ಅರ್ಧ ಸತ್ಯ. ಜೀವ ಉಳಿಸುವುದು ಅದರೊಳಗಿನ ಕಟ್ಟಿಗೆ.

● ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವ ರೂಢಿ ಸೋರಿಕೆ ತಡೆಯುತ್ತದೆ, ನಿಜ. ಹಳೆಯದನ್ನು ತೆಗೆಯದೆ ಹಾಕುತ್ತ ಹೋದರೆ? ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ನಾಲ್ಕು ಟನ್ನಿಗೂ ಮಿಕ್ಕ ಭಾರ. ಮೇಲಿನ ಭಾರ ಹೆಚ್ಚಿದಷ್ಟೂ ಕಂಪನದ ಹೊಡೆತವೂ ಹೆಚ್ಚು.

● ಹಸಿ ಇಟ್ಟಂಗಿ ಭಾರ ತಾಳುತ್ತದೆ, ಎಳೆತ ತಾಳದು. ನೆಲ ನಡುಗಿದಾಗ ಗೋಡೆ ಮೊದಲು ಬಿರಿಯುವುದು ಹೆಚ್ಚಾಗಿ ಮೂಲೆಯಲ್ಲೇ. 2001ರ ಜನವರಿ 26ರ ಕಚ್ ಭೂಕಂಪದಲ್ಲಿ ‘ಭುಂಗಾ’ ಎಂಬ ಗುಂಡನೆಯ ಮಣ್ಣಿನ ಮನೆಗಳು ಹೆಚ್ಚಾಗಿ ಉಳಿದುಕೊಂಡವು. ಅವುಗಳಿಗೆ ಮೂಲೆಯೇ ಇಲ್ಲ, ಮೇಲಿನ ಹೊದಿಕೆಯೂ ಹಗುರ.

● ಮಣ್ಣಿನ ಮನೆಗೂ ಸರ್ಕಾರಿ ಮಾನಕವಿದೆ: ಐಎಸ್ 13827, ವರ್ಷ 1993. ಗೋಡೆಯ ಎತ್ತರ ದಪ್ಪದ ಎಂಟು ಪಟ್ಟು ಮೀರಬಾರದು. ಬಾಗಿಲು, ಕಿಟಕಿಯ ಅಗಲ 1.2 ಮೀಟರ್ ದಾಟಬಾರದು, ಮೂಲೆಯಿಂದ ಕನಿಷ್ಠ ಅಷ್ಟು ದೂರವಿರಬೇಕು.

● ಮಣ್ಣು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಎರಡು ಸೆಂ.ಮೀ. ಗಾತ್ರದ ಐದಾರು ಉಂಡೆ ಕಟ್ಟಿ 48 ಗಂಟೆ ಒಣಗಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿ. ಒಂದೂ ಒಡೆಯದಿದ್ದರೆ ಜಿಗುಟು ಸಾಕಷ್ಟಿದೆ. ನಮ್ಮ ಎರೆಮಣ್ಣು ಈ ಪರೀಕ್ಷೆ ಗೆದ್ದರೂ ಅದನ್ನೇ ನೆಚ್ಚಬೇಡಿ. ಒಣಗಿದಾಗ ಬಹಳ ಕುಗ್ಗಿ ಬಿರಿಯುತ್ತದೆ. ಹುಲ್ಲು, ಮರಳು ಕಲಸುವುದು ಆ ಬಿರುಕು ತಡೆಯಲು.

● ಹಳೆಯ ಮಣ್ಣಿನ ಗೋಡೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸುವ ಯೋಚನೆಯಿದ್ದರೆ ದಯವಿಟ್ಟು ಕೈಬಿಡಿ. ಮಾಳಿಗೆ ಬಿಚ್ಚುವುದಾದರೆ ಗವಂಡಿಗೆ ಹೇಳಿ, ಬಾಗಿಲ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ ಬರುವಂತೆ ಎರಡು ಸಾಲು ಕಟ್ಟಿಗೆಯನ್ನು ಏಣಿಯಂತೆ ಅಡ್ಡಪಟ್ಟಿಗಳಿಂದ ಕೂಡಿಸಿ ಕೂರಿಸಿಕೊಳ್ಳಿ. ಮೂಲೆಗಳಲ್ಲಂತೂ ಈ ಸುತ್ತುಪಟ್ಟಿ ಕಡಿದುಹೋಗಬಾರದು.