ಮೂಗಿಗಿಂತ ಒಸಡು ಬಲ್ಲದು

ಲೇಬಲ್ ಮರೆಮಾಡಿದ ರೆಡ್ ವೈನ್ ಸವಿದು ಅದು ಯಾವ ದ್ರಾಕ್ಷಿಯದೆಂದು ಹೇಳುವ ಬ್ಲೈಂಡ್ ಟೇಸ್ಟಿಂಗ್ ವಿದ್ಯೆಯನ್ನು ಬಹಳ ಮಂದಿ ಮೂಗಿನ ಪವಾಡವೆಂದೇ ತಿಳಿದಿದ್ದಾರೆ. ವೈನ್ ಪರಿಣತರ ಮಾಸ್ಟರ್ ಸೊಮೆಲಿಯೇ ಪದವಿಯ ಪರೀಕ್ಷೆಯಲ್ಲಿ 25 ನಿಮಿಷಕ್ಕೆ ಆರು ವೈನ್‌ಗಳ ಗುರುತು ಹೇಳಬೇಕು. ಅಲ್ಲಿ ಕೈಹಿಡಿಯುವುದು ಪವಾಡವಲ್ಲ, ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕುತ್ತ ಹೋಗುವ ತರ್ಕ. ಆ ತರ್ಕಕ್ಕೆ ಪರಿಮಳಕ್ಕಿಂತ ಒಗರು, ಹುಳಿಗಳ ಸಾಕ್ಷ್ಯವೇ ಗಟ್ಟಿ ಎಂದು ನನಗನ್ನಿಸುತ್ತದೆ. ಇಟಲಿಯ ಬರೋಲೊ ವೈನ್ ಆಗುವುದು ನೆಬ್ಬಿಯೋಲೊ ತಳಿಯಿಂದ, ಬರ್ಗಂಡಿಯ ಕೆಂಪು ವೈನ್ ಪಿನೋ ನ್ವಾರ್‌ನಿಂದ. ಎರಡೂ ತೆಳುಗೆಂಪು, ಎರಡರಲ್ಲೂ ಹೂವಿನ, ಕೆಂಪು ಹಣ್ಣಿನ ಘಮ. ಕಣ್ಣು ಮೂಗು ಎರಡೂ ತಡವರಿಸುವ ಜಾಗ ಇದು. ಒಂದು ಗುಟುಕು ಬಾಯಲ್ಲಿ ಆಡಿಸಿದರೆ ಸಂಶಯ ಹರಿಯುತ್ತದೆ. ನೆಬ್ಬಿಯೋಲೊದ ಒಗರಿನ ಅಂಶವಾದ ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದು ಗಟ್ಟಿಯಾಗಿಸುತ್ತದೆ. ಚೊಗರು ಅಡಿಕೆ ಜಗಿದ ಹಾಗೆ ಒಸಡು ಬಿಗಿದು ನಾಲಗೆ ಒಣಗುತ್ತದೆ. ಪಿನೋ ನ್ವಾರ್ ನುಣ್ಣಗೆ ಜಾರುತ್ತದೆ.

ಇದೆಲ್ಲ ಬರೀ ಸೋಗು ಎನ್ನುವವರು 2001ರಲ್ಲಿ ಪ್ರಕಟವಾದ ಬೋರ್ಡೊ ಪ್ರಯೋಗವನ್ನು ಮುಂದಿಡುತ್ತಾರೆ. ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಅಲ್ಲಿ 54 ಮಂದಿ ಕೆಂಪು ವೈನಿಗೆ ಸಲ್ಲುವ ಮಾತುಗಳಲ್ಲೇ ಬಣ್ಣಿಸಿದರು. ಆದರೆ ಅವರನ್ನು ಕೇಳಿದ್ದು ಪರಿಮಳದ ಬಣ್ಣನೆಯನ್ನು, ಒಗರಿನ ಲೆಕ್ಕವನ್ನಲ್ಲ. ಕಣ್ಣು ಮೂಗನ್ನು ದಾರಿತಪ್ಪಿಸುತ್ತದೆ ಎಂಬ ಅದರ ತೀರ್ಮಾನ ನನ್ನ ಮಾತಿಗೇ ಬಲ ಕೊಡುತ್ತದೆ. ಹಾಗೆಂದು ಮೂಗು ನಿಷ್ಪ್ರಯೋಜಕವಲ್ಲ. ಶಿರಾಜ್ ವೈನಿನ ಮೆಣಸಿನ ಘಾಟಿಗೆ ರೋಟಂಡೋನ್ ಎಂಬ ರಾಸಾಯನಿಕ ಕಾರಣವೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲಿರುವುದೂ ಅದೇ. ಲೀಟರಿಗೆ 16 ನ್ಯಾನೊಗ್ರಾಂ ಇದ್ದರೂ ಸಾಕು, ಮೂಗಿಗೆ ತಾಕುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಅದು ಎಷ್ಟೋ ಪಟ್ಟು ಹೆಚ್ಚಿದ್ದರೂ ತಿಳಿಯುವುದಿಲ್ಲ. ಬಿಸಿ ಸೀಮೆಯ ತೋಟದ ಹಣ್ಣಿನಲ್ಲಿ ಅದರ ಪ್ರಮಾಣವೂ ಇಳಿಯುತ್ತದೆ. ಮೆಣಸು ಸಿಕ್ಕರೆ ಶಿರಾಜ್ ಕಡೆ ವಾಲಬಹುದು, ಸಿಗದಿದ್ದರೆ ಶಿರಾಜನ್ನು ಪಟ್ಟಿಯಿಂದ ಹೊಡೆದುಹಾಕುವಂತಿಲ್ಲ.

ಬೋರ್ಡೊ ಪ್ರಯೋಗಕ್ಕಿಂತ ಕಠಿಣವಾದ ಆಕ್ಷೇಪ ಚಿಲಿಯಿಂದ ಬರುತ್ತದೆ. ಅಲ್ಲಿ ಮೆರ್ಲೊ ಎಂದು ಬೆಳೆದು ಮಾರಿದ್ದರಲ್ಲಿ ದೊಡ್ಡ ಪಾಲು ಕಾರ್ಮೆನೇರ್ ತಳಿಯಾಗಿತ್ತು. ಕಾರ್ಮೆನೇರ್‌ನ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಲೋಟದಲ್ಲೇ ಇತ್ತು, ಆದರೂ 1994ರಲ್ಲಿ ಗುಟ್ಟು ಬಯಲಾದದ್ದು ತೋಟದಲ್ಲಿ, ಫ್ರಾನ್ಸಿನ ದ್ರಾಕ್ಷಿತಳಿ ತಜ್ಞ ಜಾನ್ ಮಿಶೆಲ್ ಬೂರ್ಸಿಕೊ ಬಳ್ಳಿಯನ್ನೇ ಪರೀಕ್ಷಿಸಿದಾಗ. ಇದು ಬಾಯಿಯ ಸೋಲೆಂದು ನಾನು ಒಪ್ಪುವುದಿಲ್ಲ. ಅಲ್ಲಿಯವರೆಗೆ ಕಾರ್ಮೆನೇರ್ ಎಂಬ ಹೆಸರೇ ಯಾರ ಪಟ್ಟಿಯಲ್ಲೂ ಇರಲಿಲ್ಲ; ಪಟ್ಟಿಯಲ್ಲಿಲ್ಲದ ತಳಿಯನ್ನು ಎಂಥ ತರ್ಕವೂ ಆರಿಸಲಾರದು.