ಅಗೋ, ಅಲ್ಲವ್ನೆ ಚಂದ್ರ!

ಯುಗಾದಿಯ ಮರುದಿನ, ಹೊಸತೊಡಕಿನ ಸಂಜೆ ಆರೂವರೆಗೆ ಮದ್ದೂರು ಸೀಮೆಯ ಯಾವ ಹಳ್ಳಿಗೆ ಹೋದರೂ ಜನ ಮನೆಯೊಳಗೆ ಸಿಗುವುದಿಲ್ಲ. ಮಧ್ಯಾಹ್ನ ಬಾಡೂಟ ಉಂಡು ಜಗಲಿಗೆ ಒರಗಿದ್ದವರು ಎದ್ದು ಕೈಕಾಲು ಮುಖ ತೊಳೆದಿರುತ್ತಾರೆ. ಹೆಂಗಸರು ದೇವರಿಗೆ ದೀಪ ಹಚ್ಚಿಟ್ಟು ಬೀದಿಗೆ ಬಂದಿರುತ್ತಾರೆ. ಮಕ್ಕಳು ಹುಲ್ಲಿನ ಮೆದೆ, ತಾರಸಿ, ನಿಂತ ಟ್ರ್ಯಾಕ್ಟರು, ಸಿಕ್ಕಿದ್ದನ್ನೆಲ್ಲ ಹತ್ತಿರುತ್ತವೆ. ಎಲ್ಲರ ಮುಖವೂ ಪಡುವಲಿಗೆ.

"ಕಂಡ್ನಾ?"

"ಇನ್ನೂ ಇಲ್ಲ ಕಣವ್ವ."

ಕೆಂಪು ಆರುತ್ತಾ ಬಂದು ಆಕಾಶ ತಿಳಿಯಾಗುವ ಹೊತ್ತಿಗೆ ಯಾವುದೋ ಮಗುವಿನ ಕಣ್ಣು ಮೊದಲು ಹಿಡಿಯುತ್ತದೆ. "ಅಗೋ, ಅಲ್ಲವ್ನೆ! ತೆಂಗಿನ್ಮರದ ಮೇಲ್ಗಡೆ!" ಆಮೇಲೆ ಒಬ್ಬರ ಬೆರಳ ತುದಿ ಹಿಡಿದು ಇನ್ನೊಬ್ಬರು ಹುಡುಕುತ್ತಾರೆ. ಕಂಡವರು ಕೈ ಮುಗಿಯುತ್ತಾರೆ. ಕಣ್ಣು ಮಂಜಾದ ಮುದುಕರನ್ನು ಮೊಮ್ಮಕ್ಕಳು ಭುಜ ಹಿಡಿದು ತಿರುಗಿಸಿ ನಿಲ್ಲಿಸುತ್ತಾರೆ. ನಮ್ಮ ಕಡೆ ಯಾರೂ ಚಂದ್ರ ಕಾಣಿಸಿತು ಎನ್ನುವುದಿಲ್ಲ. ಕಾಣಿಸಿದ ಎನ್ನುತ್ತಾರೆ. ಬರಬೇಕಾದ ನೆಂಟನೊಬ್ಬ ಬಂದ ಹಾಗೆ.

ನಮ್ಮಜ್ಜಿಗೆ ಇದರಲ್ಲಿ ಬಲು ಶಿಸ್ತು. ಚಂದ್ರನನ್ನು ನೋಡಿದ ಮೇಲೆ ಕಣ್ಣು ಸಿಕ್ಕಸಿಕ್ಕ ಕಡೆ ಹೊರಳಬಾರದು. ಮನೆಯ ಹಿರಿಯರ ಮುಖ ನೋಡಬೇಕು, ಕಾಲಿಗೆ ಬೀಳಬೇಕು. ಹಿರಿಯರು ತಲೆ ಸವರಿ, ಬಿದಿಗೆ ಚಂದ್ರನಂಗೆ ಬೆಳೀಲಾ ಮಗ ಎಂದು ಚಿಲ್ಲರೆ ಕಾಸು ಕೊಡುತ್ತಿದ್ದರು. ದಿನದಿನಕ್ಕೂ ದೊಡ್ಡವನಾಗುವವನನ್ನು ತೋರಿಸಿ ಬೆಳೆ ಎನ್ನುವ ಆ ಹರಕೆ ನನಗೆ ಇವತ್ತಿಗೂ ಪ್ರಿಯ.

ಯುಗಾದಿಯ ಬೆಳಗೆಲ್ಲ ಪಂಚಾಂಗದ ಮಾತಿನ ಮೇಲೆ ನಡೆಯುತ್ತದೆ. ಎಣ್ಣೆನೀರು, ಬೇವುಬೆಲ್ಲ, ಒಬ್ಬಟ್ಟು. ಹಳ್ಳಿಗಳಲ್ಲಿ ಈ ವರ್ಷ ಯಾರ ಹೆಸರಿಗೆ ಹೊನ್ನಾರು ಕೂಡಿಬರುತ್ತದೆ ಎಂದು ಕೇಳಿ, ಎತ್ತುಗಳಿಗೆ ಸಿಂಗಾರ ಮಾಡಿ ಮೊದಲ ಸಾಲು ಹೊಡೆಯುವುದೂ ಪಂಚಾಂಗ ನೋಡಿಯೇ. ಮರುದಿನ ಹೊಸತೊಡಕು, ಕೆಲವರ ಬಾಯಲ್ಲಿ ವರ್ಷತೊಡಕು. ವರ್ಷವಿಡೀ ಚೀಟಿ ಕಟ್ಟಿ ಕೂಡಿಸಿದ ಹಣದಲ್ಲಿ ಕುರಿ ತಂದು, ನಸುಕಿನಲ್ಲೇ ಕೊಯ್ದು, ಸಮಪಾಲು ಗುಡ್ಡೆ ಹಾಕಿ ಹಂಚಿಕೊಳ್ಳುವ ದಿನ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕುರಿಗೆ, ಪೇಟೆಯಲ್ಲಿ ಬನ್ನೂರು ಕುರಿ ಎಂದು ಹೆಸರಾದ ಆ ಕುಳ್ಳು ತಳಿಗೆ, ಅಂದು ಎಲ್ಲಿಲ್ಲದ ಬೇಡಿಕೆ. ಅಂದು ಮಾಡಿದ್ದು ವರ್ಷವೆಲ್ಲ ನಡೆಯುತ್ತದೆಂಬ ನಂಬಿಕೆ. ಇಷ್ಟೆಲ್ಲ ಆದರೂ ಹಬ್ಬ ಮುಗಿಯಿತು ಅನ್ನಿಸುವುದು ಸಂಜೆಯೇ. ವರ್ಷ ಬಂತೆಂದು ಪುಸ್ತಕ ಹೇಳಿದ್ದನ್ನು ಊರಿನ ಕಣ್ಣು ಒಪ್ಪಿಕೊಳ್ಳುವ ಗಳಿಗೆ ಅದು.

ಪಾಡ್ಯದ ದಿನವೇ ಯಾಕೆ ನೋಡುವುದಿಲ್ಲ? ನೋಡಲು ಅವನು ಸಿಗುವುದು ಕಷ್ಟ. ಅಮಾವಾಸ್ಯೆಯ ಕೊನೆಗೆ ಸೂರ್ಯ ಚಂದ್ರರು ಒಂದೇ ಕಡೆ ಇರುತ್ತಾರೆ. ಅಲ್ಲಿಂದ ಚಂದ್ರ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಪಾಡ್ಯದ ಸಂಜೆ ಅವನು ಇನ್ನೂ ಸೂರ್ಯನ ಮಗ್ಗುಲಲ್ಲೇ ಇರುವುದರಿಂದ ಬೈಗಿನ ಬೆಳಕಿನಲ್ಲಿ ಮುಳುಗಿ ಬೇಗ ಕಂತಿಬಿಡುತ್ತಾನೆ. ಈ ಅಂತರ ಸುಮಾರು 7 ಡಿಗ್ರಿಗಿಂತ ಕಡಿಮೆಯಿದ್ದರೆ ಗೆರೆಯೇ ಮೂಡುವುದಿಲ್ಲ ಎಂದು ಫ್ರಾನ್ಸಿನ ಖಗೋಳಜ್ಞ ಆಂದ್ರೆ ದಾಂಜೋನ್ ಲೆಕ್ಕ ಹಾಕಿದ್ದರು. ಒಂದು ದಿನ ಕಳೆದರೆ ಚಂದ್ರ ಸುಮಾರು 50 ನಿಮಿಷ ತಡವಾಗಿ ಮುಳುಗುತ್ತಾನೆ. ಬಿದಿಗೆಯ ಸಂಜೆ ಅವನು ಕತ್ತಲೆಯ ಅಂಚಿನವರೆಗೆ ನಿಲ್ಲುತ್ತಾನೆ, ಉಗುರಿನ ತುದಿಯಷ್ಟು ತೆಳ್ಳಗೆ.

ಕೆಲವು ವರ್ಷ ಪಾಡ್ಯದಂದೇ ಸಿಗುವುದೂ ಉಂಟು. 2025ರಲ್ಲಿ ಅಮಾವಾಸ್ಯೆ ಮಾರ್ಚ್ 29ರ ಸಂಜೆ ನಾಲ್ಕೂವರೆ ಹೊತ್ತಿಗೇ ಮುಗಿದಿತ್ತು. ಮರುದಿನ ಯುಗಾದಿಯ ಸಂಜೆಗೆ ಚಂದ್ರನಿಗೆ 26 ಗಂಟೆ ತುಂಬಿತ್ತು. ಅದೇ ಸಂಜೆ ಅದೇ ಚಂದ್ರನನ್ನು ನೋಡಿ ಮುಸ್ಲಿಮರು ಮಾರ್ಚ್ 31ಕ್ಕೆ ರಂಜಾನ್ ಹಬ್ಬ ಮಾಡಿದರು. ಅದರ ಹಿಂದಿನ ವರ್ಷ ಏಪ್ರಿಲ್ 9ಕ್ಕೆ ಯುಗಾದಿ, 11ಕ್ಕೆ ರಂಜಾನ್. ನಡುವಿನ ಹತ್ತನೆಯ ತಾರೀಖಿನ ಸಂಜೆ ಎರಡೂ ಕಡೆಯವರು ಕಾದದ್ದು ಒಬ್ಬನಿಗಾಗಿಯೇ. ಚಾಂದ್ರಮಾನದ ವರ್ಷ 354 ದಿನದ್ದು, ಸೂರ್ಯನದಕ್ಕಿಂತ 11 ದಿನ ಗಿಡ್ಡ. ನಮ್ಮ ಪಂಚಾಂಗ ಮೂರು ವರ್ಷ ತುಂಬುವುದರೊಳಗೆ ಒಂದು ಅಧಿಕಮಾಸ ಸೇರಿಸಿ ಇದನ್ನು ಸರಿದೂಗಿಸುತ್ತದೆ, ಇಸ್ಲಾಮಿನ ಪಂಚಾಂಗ ಸೇರಿಸುವುದಿಲ್ಲ. ಹಾಗಾಗಿ ಈ ಎರಡು ಹಬ್ಬ ಒಂದೇ ಚಂದ್ರನ ಕೆಳಗೆ ಕೂಡುವುದು ತಲೆಮಾರಿಗೊಮ್ಮೆ, ಕೆಲವೇ ವರ್ಷಗಳ ಮಟ್ಟಿಗೆ. ಸಿಂಧಿಗಳ ಹೊಸ ವರ್ಷ ಚೇಟಿ ಚಂಡ್ ಕೂಡ ಚೈತ್ರದ ಇದೇ ಎಳೆಚಂದ್ರನದು.

ಚಂದ್ರನನ್ನು ಕಂಡ ಮೇಲೆ ನಮ್ಮ ರೈತರು ಕೇಳುವ ಮುಂದಿನ ಮಾತು ಕೋಡಿನದು. "ಕೋಡು ಎತ್ಲಾಗ್ ವಾಲದೆ?" ಬಡಗಲ ಕೋಡು ಮೇಲಿದ್ದರೆ ಇಂಥದ್ದು, ತೆಂಕಲ ಕೋಡು ಮೇಲಿದ್ದರೆ ಇಂಥದ್ದು ಎಂದು ಮಳೆಬೆಳೆಯ ಮಾತು ಶುರುವಾಗುತ್ತದೆ. ಊರಿಂದೂರಿಗೆ ಈ ಲೆಕ್ಕ ಬೇರೆಯಾಗುತ್ತದೆ, ಒಂದೇ ಜಗಲಿಯ ಮೇಲೆ ಇಬ್ಬರು ಹಿರಿಯರ ನಡುವೆಯೂ ಬೇರೆಯಾಗುತ್ತದೆ. ಇದನ್ನು ಬರೀ ಹಳ್ಳಿಯ ನಂಬಿಕೆ ಎಂದು ಬದಿಗಿಡಬೇಡಿ. ಇದರ ಬೇರು ಆಳದಲ್ಲಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಚಂದ್ರಚಾರ ಎಂಬ ಅಧ್ಯಾಯವೇ ಇದೆ. ಅದರಲ್ಲಿ ಎಳೆಚಂದ್ರನ ನಿಲುವುಗಳಿಗೆ ದೋಣಿ, ನೇಗಿಲು, ದೊಣ್ಣೆ, ಬಿಲ್ಲು ಎಂದೆಲ್ಲ ಹೆಸರು. ಉತ್ತರದ ಕೋಡು ಎತ್ತರವಾದರೆ ಮಳೆ, ಕ್ಷೇಮ. ದಕ್ಷಿಣದ್ದು ಎತ್ತರವಾದರೆ ಬರದ ಭಯ ಎಂಬ ಮಾತೂ ಅಲ್ಲಿದೆ. ಕೋಡು ಎಷ್ಟು ವಾಲುತ್ತದೆಂದು ಗಣಿತದಿಂದ ಹೇಳುವ ವಿದ್ಯೆಗೆ ಸಿದ್ಧಾಂತಗ್ರಂಥಗಳಲ್ಲಿ ಶೃಂಗೋನ್ನತಿ ಎಂದು ಹೆಸರು. ಸೂರ್ಯಸಿದ್ಧಾಂತ ಅದಕ್ಕೂ ಒಂದು ಅಧ್ಯಾಯ ಮೀಸಲಿಟ್ಟಿದೆ.

ಕೋಡು ಮಳೆ ಹೇಳುತ್ತದೆಂದು ನಾನು ನಂಬುವುದಿಲ್ಲ. ಆದರೆ ಕೋಡು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆಂದು ನೋಡಿಟ್ಟುಕೊಂಡ ಕಣ್ಣಿಗೆ ತಲೆಬಾಗುತ್ತೇನೆ. ಮಂಡ್ಯ ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚೈತ್ರದ ಸಂಜೆ ಇಲ್ಲಿ ಚಂದ್ರ ಮುಳುಗಿದ ಸೂರ್ಯನ ನೆತ್ತಿಯ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವುದರಿಂದ ಎರಡೂ ಕೋಡು ಎತ್ತಿನ ಕೋಡಿನಂತೆ ಮೇಲಕ್ಕೇ ಇರುತ್ತವೆ. ಸಾಮಾನ್ಯವಾಗಿ ತೆಂಕಲದ್ದು ತುಸು ಮೇಲೆ. ಎಷ್ಟು ಮೇಲೆ ಎಂಬುದು ರಾಹುಕೇತುಗಳ ಕೈಯಲ್ಲಿದೆ. ಚಂದ್ರನ ಹಾದಿ ಸೂರ್ಯನ ಹಾದಿಗೆ 5 ಡಿಗ್ರಿ ಓರೆ. ಎರಡು ಹಾದಿ ಕತ್ತರಿಸುವ ಜಾಗಗಳೇ ರಾಹು ಮತ್ತು ಕೇತು. ಅವು ಒಂದು ಸುತ್ತು ಬರಲು 18.6 ವರ್ಷ ಬೇಕು. ಯುಗಾದಿ ಅದೇ ತಾರೀಖಿನ ಆಸುಪಾಸಿಗೆ ಮರಳುವುದು 19 ವರ್ಷಕ್ಕೆ. ಅಂದರೆ ಈ ವರ್ಷದ ವಾಲನ್ನು ಹೆಚ್ಚುಕಡಿಮೆ ಹೀಗೇ ಮತ್ತೆ ನೋಡಬೇಕಾದರೆ ಇಂದು ಹುಟ್ಟಿದ ಕೂಸು ಕಾಲೇಜಿಗೆ ಹೋಗುವಷ್ಟಾಗಬೇಕು. ನಮ್ಮಜ್ಜಿ ತನ್ನ ಆಯುಸ್ಸಿನಲ್ಲಿ ಅಂಥ ನಾಲ್ಕು ಸುತ್ತು ನೋಡಿದ್ದಳು.

ಭಾದ್ರಪದಕ್ಕೆ ಬನ್ನಿ, ಅದೇ ಎಳೆಚಂದ್ರ ಒಂದು ಮಗ್ಗುಲಿಗೆ ಸ್ಪಷ್ಟವಾಗಿ ವಾಲಿರುತ್ತಾನೆ. ಅಲ್ಲಿ ಚೌತಿಯ ಚಂದ್ರನ ಕಡೆ ತಲೆಯೆತ್ತಿಯೂ ನೋಡುವಂತಿಲ್ಲ. ನೋಡಿದರೆ ಸ್ಯಮಂತಕ ಮಣಿಯ ಕಥೆ ಕೇಳಿ ಅಪವಾದ ಕಳೆದುಕೊಳ್ಳಬೇಕು. ಯುಗಾದಿ ಚಂದ್ರನನ್ನು ತಪ್ಪದೆ ನೋಡಿದವರಿಗೆ ಚೌತಿ ಚಂದ್ರನ ದೋಷ ತಟ್ಟದು ಎನ್ನುವವರೂ ನಮ್ಮಲ್ಲಿದ್ದಾರೆ.

ಚಂದ್ರನ ಹತ್ತಿರ ಮಳೆ ಕೇಳುವುದು ಮಳವಳ್ಳಿ ಕಡೆ ಇನ್ನೊಂದು ರೂಪದಲ್ಲೂ ಉಂಟು. ಅಲ್ಲಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದವರು ಜನವರಿಯ ಹುಣ್ಣಿಮೆಗೆ ಕಾವೇರಿಯಾಚೆಯ ಚಿಕ್ಕಲ್ಲೂರಿಗೆ ಹೋಗಿ ಜಾತ್ರೆಗೆ ಚಾಲನೆ ಕೊಡುತ್ತಾರೆ. ಮೊದಲ ರಾತ್ರಿಯೇ ಚಂದ್ರಮಂಡಲ. ಬಿದಿರು ಕಟ್ಟಿ ಬಟ್ಟೆ ಸುತ್ತಿದ ಆ ಮಂಡಲಕ್ಕೆ ಬೆಂಕಿ ಮುಟ್ಟಿಸಿದಾಗ ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ಸೀಮೆಗೆ ಮಳೆಬೆಳೆ ಎಂದು ನಂಬಿ ಸಾವಿರಾರು ಜನ ಕತ್ತು ಚಾಚಿ ನಿಲ್ಲುತ್ತಾರೆ.

ಮಳೆ ಕೇಳಲೇಬೇಕಾದ ಬದುಕು ಇದು. ಕಾವೇರಿಗೆ ಕನ್ನಂಬಾಡಿ ಕಟ್ಟೆ ಕಟ್ಟಿ, 1930ರ ದಶಕದಲ್ಲಿ ನಾಲೆಯ ನೀರು ಹರಿದು, 1933ರಲ್ಲಿ ಮೈಷುಗರ್ ಕಂಪನಿ ಶುರುವಾಗುವ ತನಕ ಮಂಡ್ಯದ ಬಹುಪಾಲು ನೆಲ ಮುಗಿಲು ನೋಡಿಕೊಂಡೇ ರಾಗಿ ಬೆಳೆಯುತ್ತಿತ್ತು. ನಾಲೆ ಬಂದ ಮೇಲೆ ಕೇಳುವ ಪ್ರಶ್ನೆಗೆ ಒಂದು ಅಂಕಿ ಸೇರಿಕೊಂಡಿತು: 124.80 ಅಡಿ, ಕಟ್ಟೆ ತುಂಬಿದಾಗಿನ ಮಟ್ಟ. 2023ರ ಮಳೆಗಾಲದಲ್ಲಿ ಆ ಅಂಕಿ ಮುಟ್ಟಲಿಲ್ಲ. ಮರುವರ್ಷದ ಯುಗಾದಿಗೆ ಒಣಗಿದ ಗದ್ದೆಬಯಲಿನಲ್ಲಿ ನಿಂತು ಕೋಡು ನೋಡಿದವರ ಮೌನ ನನಗೆ ನೆನಪಿದೆ. ನಾಲೆಯ ನೀರು ಏರದ ಮಳವಳ್ಳಿಯ ಎತ್ತರದ ಹೊಲಗಳವರಿಗೆ ಆ ಮೌನ ಹೊಸದಲ್ಲ.

ಪೇಟೆಯಲ್ಲಿ ಈಗ ಚಂದ್ರನನ್ನು ಹುಡುಕುವುದೇ ಪ್ರಯಾಸ. ಮಂಡ್ಯದ ಬಡಾವಣೆಗಳಲ್ಲಿ ಪಡುವಲ ಕಡೆ ಮೂರಂತಸ್ತಿನ ಮನೆ ಎದ್ದಿರುತ್ತದೆ, ಬೀದಿದೀಪ ಸೂರ್ಯ ಮುಳುಗುವ ಮೊದಲೇ ಹತ್ತಿರುತ್ತದೆ. ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರ ವಾಟ್ಸ್ಆ್ಯಪಿಗೆ ಬಂದರೆ ಅದಕ್ಕೇ ಕೈ ಮುಗಿಯುವವರನ್ನು ಕಂಡು ನನಗೆ ಸಂಕಟವಾಗುತ್ತದೆ. ಹತ್ತಿರದ ಕೆರೆ ಏರಿಗೆ ಹೋಗಿ. ಹಿರಿಯರೊಬ್ಬರನ್ನೂ ಒಂದು ಮಗುವನ್ನೂ ಕರೆದುಕೊಂಡು ಹೋಗಿ. ಸೂರ್ಯ ಕಂತಿ ಅರ್ಧ ಗಂಟೆಯಾದ ಮೇಲೆ, ಅವನು ಇಳಿದ ಜಾಗದಿಂದ ನೇರ ಮೇಲೆ ನೋಡಿ. ತೆಳುಗೆರೆ ಸಿಕ್ಕಿದ ಮೇಲೆ ಕಣ್ಣು ಕೀಳಬೇಡಿ: ಉಳಿದ ಕಪ್ಪು ಬಿಲ್ಲೆಯೂ ಬೂದಿ ಬಣ್ಣದಲ್ಲಿ ಕಾಣುತ್ತದೆ. ಅದು ನಮ್ಮ ಭೂಮಿಯಿಂದ ಹೋಗಿ ಅವನ ಮೇಲೆ ಬಿದ್ದ ಬೆಳಕು.

ಮೋಡ ಕವಿದ ವರ್ಷ ನಮ್ಮಜ್ಜಿ ಒಳಗೆ ಹೋಗುತ್ತಿರಲಿಲ್ಲ. ಕತ್ತಲಾಗುವ ತನಕ ಏರಿಯ ಮೇಲೆ ಕೂತು, "ಬಂದವ್ನೆ ಕಣ್ಲಾ, ನಮ್ಗೆ ಕಾಣ್ನಿಲ್ಲ ಅಷ್ಟೇಯ" ಎಂದು ಎದ್ದು, ಮರುದಿನ ತದಿಗೆಯ ಸಂಜೆ ಮತ್ತೆ ಮುಖ ತೊಳೆದು ಬರುತ್ತಿದ್ದಳು.